ಸೀರೆ ಅಂಗಡಿಯಲ್ಲಿ ಕೂರುವ ಹಕ್ಕು

ಸೀರೆ ಅಂಗಡಿಯಲ್ಲಿ ಕೆಲಸ ಮಾಡುವವರು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬರುತ್ತವೆ. ನಾನು ಸಾಗರದ ಒಂದು ಅಂಗಡಿಯಲ್ಲಿ ಸೀರೆ ತೋರಿಸುವವಳು. ನಮ್ಮ ಸಾಹುಕಾರರಿಗೆ ಹೊಸನಗರ, ತೀರ್ಥಹಳ್ಳಿಯಲ್ಲೂ ಒಂದೊಂದು ಅಂಗಡಿ ಇದೆ. ಮೊದಲೆಲ್ಲ ಗಾದಿಯ ಮೇಲೆ ಕೂತೇ ವ್ಯಾಪಾರ ಮಾಡುತ್ತಿದ್ದೆವು. ಯಾವಾಗ ಸಾಹುಕಾರರು ಮಂಗಳೂರಿಗೆ ಹೋಗಿ ಗಾಜಿನ ಕೌಂಟರ್ ನೋಡಿ ಬಂದರೋ, ಅಲ್ಲಿಗೆ ನಮ್ಮ ಕೂರುವ ಭಾಗ್ಯ ಮುಗಿಯಿತು. ಬಾಗಿಲು ತೆರೆದಲ್ಲಿಂದ ಹಾಕುವ ತನಕ ನಿಂತೇ ಇರಬೇಕು.

ನನಗಾದರೂ ಪರವಾಗಿಲ್ಲ. ರವಿಕೆ ಕಣದ ವಿಭಾಗದ ಅಕ್ಕನಿಗೆ ಹಿಮ್ಮಡಿ ನೋವು. "ಕೂತು ಮಾಡೋ ಕೆಲಸ ಇದ್ರೆ ಮಾಡಿ, ಇಲ್ಲಾಂದ್ರೆ ಬಿಡಿ" ಅಂದಿದ್ದರು ಡಾಕ್ಟರು. "ಬಿಟ್ರೆ ಕಾಲು ಸುಮ್ನಾಗ್ತದೆ, ಹೊಟ್ಟೆ ಸುಮ್ನಿರ್ಬೇಕಲ್ಲ ಮಾರಾಯ್ತಿ" ಅನ್ನುತ್ತಿದ್ದಳು ಅಕ್ಕ. ದೀಪಾವಳಿ ತನಕ ನೋಡಿ ಬಿಟ್ಟುಬಿಡುವುದೆಂದು ಮನಸ್ಸು ಮಾಡಿದ್ದಳು. ಅವಳಿಲ್ಲದ ಅಂಗಡಿಯನ್ನು ನೆನೆದರೇ ನನಗೆ ಸಂಕಟವಾಗುತ್ತಿತ್ತು.

ಕೆಂಪು ಕುರ್ಚಿ

ಹಾಗಿರುವಾಗ ಒಂದು ದಿನ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಬಂದರು. ನಿಂತು ಕೆಲಸ ಮಾಡುವವರಿಗೆ ಕೂರಲು ವ್ಯವಸ್ಥೆ ಇರಬೇಕು, ದೇಶಕ್ಕೆಲ್ಲ ಇರುವ ಕಾನೂನು ಅದು ಅಂತ ಹೇಳಿ ಹೋದರು. ಸಾಹುಕಾರರು ಕಾನೂನಿಗೆ ತಲೆಬಾಗುವವರು. ಮೂರು ಅಂಗಡಿಗೂ ಒಂದೊಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ತರಿಸಿದರು.

ನಮ್ಮಲ್ಲಿ ಆ ಕುರ್ಚಿ ಅಕ್ಕನಿಗೆ ಸಿಕ್ಕಿದ್ದೇ ಇಲ್ಲ. ಗಿರಾಕಿಗಳ ಗಂಡಂದಿರು ಇದ್ದಾರಲ್ಲ, ಅವರು ಒಳಗೆ ಬಂದವರೇ ಸೀರೆಯ ಕಡೆ ಕಣ್ಣೂ ಹಾಯಿಸದೆ ಅದರಲ್ಲಿ ಕೂತುಬಿಡುತ್ತಿದ್ದರು. ಒಬ್ಬರು ಎದ್ದರೆ ಇನ್ನೊಬ್ಬರು ತಯಾರು. ಒಮ್ಮೆ ಒಬ್ಬ ಮಹಾಶಯರು ಕೂತಲ್ಲೇ ಗೊರಕೆ ಹೊಡೆಯತೊಡಗಿದರು. ಹೆಂಡತಿ ಸೀರೆ ತೆಗೆದುಕೊಂಡು, ಬಸ್ಸು ತಪ್ಪುತ್ತದೆಂದು ಓಡಿದವರು ತಾಳಗುಪ್ಪದಲ್ಲಿ ಇಳಿದ ಮೇಲೆ ಫೋನ್ ಮಾಡಿದರು.

"ಹಲೋ, ನಮ್ಮನೆಯವ್ರು ನಿಮ್ಮ ಅಂಗಡೀಲೇ ಉಳಿದ್ರಾ ಹೆಂಗೆ?"

ಅಕ್ಕ ಕುರ್ಚಿಯ ಕಡೆ ನೋಡಿದಳು. "ಇದ್ದಾರೆ, ಜೋಪಾನವಾಗಿದ್ದಾರೆ. ಬಿಲ್ ತೋರಿಸಿ ತಗೊಂಡು ಹೋಗಿ. ಎಕ್ಸ್‌ಚೇಂಜ್ ಮಾತ್ರ ಇಲ್ಲ."

ಹೊಸನಗರದಲ್ಲಿ ಕೂತದ್ದು

ಗೌರಿ ಹಬ್ಬಕ್ಕೆ ನನ್ನನ್ನು ಹೊಸನಗರದ ಅಂಗಡಿಗೆ ಕಳಿಸಿದರು. ಅಲ್ಲಿ ಮ್ಯಾನೇಜರ್ ಸಾಹುಕಾರರ ಭಾವಮೈದ, ಶಿಸ್ತಿನ ಮನುಷ್ಯ. ಕುರ್ಚಿಯ ಬೆನ್ನಿಗೆ 'ಸಿಬ್ಬಂದಿಗೆ ಮಾತ್ರ' ಅಂತ ಬರೆಸಿದ್ದರು. ಆಹಾ ಅಂತ ಹೋಗಿ ಕೂತೆ.

ಕೂತು ಬೆನ್ನು ಒರಗಿಸುವುದರೊಳಗೆ ಒಬ್ಬ ಅಜ್ಜಿ ಬಂದರು. ಸೀರೆ ತೋರಿಸುವವಳು ಕುರ್ಚಿಯಲ್ಲಿ ಕೂತದ್ದನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಹತ್ತಿರ ಬಂದು ಮೆಲ್ಲಗೆ, "ಎಷ್ಟು ತಿಂಗ್ಳು ಮಗಾ?" ಅಂದರು.

"ಅಯ್ಯೋ, ಅಂಥದ್ದೆಂತದೂ ಇಲ್ಲ ಅಜ್ಜಿ" ಅಂದೆ.

"ಮೊದ್ಲು ಹಂಗೇ ನಾಚಿಕೆ ಆಗ್ತದೆ" ಅಂದವರು ಹೋಗಿ ಪೇಟೆಯೆಲ್ಲ ಹಂಚಿದರು. ಮಧ್ಯಾಹ್ನಕ್ಕೆ ಯಾರೋ ಅಪ್ಪೆಮಿಡಿ ಉಪ್ಪಿನಕಾಯಿ ತಂದುಕೊಟ್ಟರು. ಸುಳ್ಳೇಕೆ ಹೇಳಲಿ, ಉಪ್ಪಿನಕಾಯಿ ಬೇಡ ಅನ್ನುವಷ್ಟು ಸತ್ಯವಂತೆ ನಾನಲ್ಲ. ಸಂಜೆ ಬಸ್ಸಿನ ಕಂಡಕ್ಟರ್ ನನಗಾಗಿ ಒಬ್ಬರನ್ನು ಸೀಟಿನಿಂದ ಎಬ್ಬಿಸಿದ.

ಸುದ್ದಿ ಮ್ಯಾನೇಜರಿಗೂ ಮುಟ್ಟಿತು. ಹೆರಿಗೆ ರಜೆ ಇಪ್ಪತ್ತಾರು ವಾರ, ಅದೂ ಸಂಬಳದ ಸಮೇತ ಅಂತ ಯಾರೋ ಹೇಳಿದ್ದರಂತೆ. ಪಾಪ, ಬೆವರಿಬಿಟ್ಟರು. ಮಾರನೇ ದಿನ ಕುರ್ಚಿ ಅಟ್ಟ ಸೇರಿತ್ತು, ಇನ್ನು ಯಾರೂ ಅದರಲ್ಲಿ ಕೂತು ಬಸಿರಾಗದ ಹಾಗೆ.

ತೀರ್ಥಹಳ್ಳಿಯ ಗೊಂಬೆ

ಅಲ್ಲಿಂದ ತೀರ್ಥಹಳ್ಳಿಗೆ ಹೋದರೆ, ಕೆಂಪು ಕುರ್ಚಿಯಲ್ಲಿ ರೇಷ್ಮೆ ಸೀರೆ ಉಟ್ಟ ಗೊಂಬೆ ಕಾಲ ಮೇಲೆ ಕಾಲು ಹಾಕಿ ಕೂತಿತ್ತು! ನನಗೆ ರೇಗಿತು. "ಅವಳಿಗೆ ಎಂತ ಕಾಲು ನೋವಾ?" ಅಂತ ಅಲ್ಲಿಯ ಮ್ಯಾನೇಜರನ್ನು ಕೇಳಿದೆ.

"ಅದು ನಿಲ್ಸಿದ್ರೆ ಬೀಳ್ತದೆ. ನೀವು ಬೀಳಲ್ವಲ್ಲ" ಅಂದರು.

ಬಿದ್ದೇ ತೋರಿಸೋಣ ಅಂತಿದ್ದೆ. ಹೊಸ ಸೀರೆ ಉಟ್ಟಿದ್ದೆ, ಬಿಟ್ಟೆ.

ಸಾಹುಕಾರ್ತಿ

ಸಾಗರಕ್ಕೆ ವಾಪಸು ಬಂದಾಗ ದೀಪಾವಳಿ ಹತ್ತಿರ ಬಂದಿತ್ತು. ಅಕ್ಕ ಕುಂಟುತ್ತಿದ್ದಳು. ಒಂದು ಬೆಳಗ್ಗೆ ಪಕ್ಕದ ಪಾತ್ರೆ ಅಂಗಡಿಯಿಂದ ಸಾಹುಕಾರರಿಗೆ ಫೋನ್ ಬಂತು. "ಹೊಸ ಇನ್‌ಸ್ಪೆಕ್ಟರ್ ಮೇಡಂ ಬಂದಿದ್ದಾರೆ, ಭಾರಿ ಸ್ಟ್ರಿಕ್ಟು. ಮುಂದೆ ನಿಮ್ಮಲ್ಲಿಗೇ!"

ಸಾಹುಕಾರರು ಕೆಂಪು ಕುರ್ಚಿಯಲ್ಲಿದ್ದ ಒಬ್ಬ ಗಂಡನನ್ನು ಎಬ್ಬಿಸಿ ಹೊರಗೆ ಅಟ್ಟಿ ನನ್ನನ್ನು ಕೂರಿಸಿದರು. ಉಳಿದವರನ್ನು ಸೀರೆ ಬಂಡಲುಗಳ ಮೇಲೆ ಕೂರಿಸಿದರು. ಅಕ್ಕನಿಗೆ ಜಾಗವೇ ಉಳಿಯಲಿಲ್ಲ. ಬೇರೆ ದಾರಿ ಕಾಣದೆ ಗಲ್ಲಾದ ಹಿಂದಿನ ತಮ್ಮ ಸ್ವಂತ ಮೆತ್ತನೆ ಕುರ್ಚಿಯನ್ನೇ ಕೊಟ್ಟರು. "ಅವ್ರು ಹೋಗೋ ತನಕ ಒಬ್ಬರೂ ಏಳ್ಕೂಡ್ದು!"

ಅಷ್ಟರಲ್ಲಿ ಮದುವೆ ಸೀರೆಗೆಂದು ಅತ್ತೆ ಸೊಸೆ ಬಂದರು. ನಾವು ಏಳುವಂತಿಲ್ಲ. ಸಾಹುಕಾರರೇ ಏಣಿ ಹತ್ತಿದರು. "ಆ ಹಸಿರು ತೆಗಿ. ಅದಲ್ಲ ಮಾರಾಯ, ಅದರ ಕೆಳಗಿಂದು" ಅಂತ ಅತ್ತೆ ಅವರನ್ನು ಹತ್ತಿಸಿ ಇಳಿಸಿ ಸುಸ್ತು ಮಾಡಿದರು. ಮೇಡಂ ಒಳಗೆ ಬಂದಾಗ ಸಾಹುಕಾರರು ಹೆಗಲ ಮೇಲೆ ಸೀರೆಗಳ ರಾಶಿ ಹೊತ್ತು, ಗದ್ದದಡಿ ಇನ್ನೊಂದನ್ನು ಒತ್ತಿಕೊಂಡು ಮಡಚಲು ಒದ್ದಾಡುತ್ತಿದ್ದರು.

ಮೇಡಂ ಮರುಗಿದರು. "ಎಷ್ಟು ವರ್ಷದಿಂದ ಇದ್ದೀರಿ ಇಲ್ಲಿ?"

"ಅಂಗಡಿ ಶುರುವಾದಾಗಿಂದ ಮೇಡಂ."

"ಸಂಬಳ ಸರಿಯಾಗಿ ಕೊಡ್ತಾರಾ?"

ಸಾಹುಕಾರರಿಗೆ ಆಗ ಅರ್ಥವಾಯಿತು. ನಿಜ ಹೇಳಲು ಬಾಯಿ ತೆರೆದವರು, ಸ್ವಲ್ಪ ತಡೆದು, ಮುಖ ಅರಳಿಸಿ, "ನಮ್ಮ ಸಾಹುಕಾರ್ರು ದೇವ್ರಂಥೋರು ಮೇಡಂ! ಪಿ.ಎಫ್., ಇ.ಎಸ್.ಐ. ಎಲ್ಲ ಸರಿಯಾಗಿ ಕಟ್ತಾರೆ. ಇಂಥೋರು ಈ ಜಿಲ್ಲೇಲೇ ಇಲ್ಲ" ಅಂದರು.

"ಕೂರೋಕೆ?"

ಸಾಹುಕಾರರು ಕೂತಿದ್ದ ನಮ್ಮನ್ನೆಲ್ಲ ಒಮ್ಮೆ ನೋಡಿದರು. ಏಣಿ ಹತ್ತಿಳಿದ ಕಾಲು ಸುಳ್ಳು ಹೇಳಲು ಬಿಡಲಿಲ್ಲ. "ಅದೊಂದಿಲ್ಲ ಮೇಡಂ. ಮೊಣಕಾಲು ಕಿತ್ತು ಬರ್ತಾ ಇದೆ."

ಮೇಡಂ ಗಲ್ಲಾದಲ್ಲಿ ಕೂತಿದ್ದ ಅಕ್ಕನ ಕಡೆ ತಿರುಗಿದರು. "ಏನಮ್ಮಾ, ಚಿಕ್ಕವರೆಲ್ಲ ಕೂತಿದ್ದಾರೆ, ಇಷ್ಟು ವಯಸ್ಸಾದವರನ್ನ ನಿಲ್ಲಿಸಿದ್ದೀರಲ್ಲ!"

ಅಕ್ಕ ಕೂತಲ್ಲಿಂದ ಕದಲಲಿಲ್ಲ.

"ತಪ್ಪಾಯ್ತು ಮೇಡಂ. ನಾಳೆ ಒಬ್ಬೊಬ್ಬರಿಗೂ ಒಂದೊಂದು ಕುರ್ಚಿ ಬರ್ತದೆ, ಮೆತ್ತೆ ಇರೋದೇ. ಗಂಡಂದ್ರಿಗೆ ಹೊರಗೆ ಬೆಂಚು" ಅಂದವಳು ಸಾಹುಕಾರರ ಕಡೆ ನೋಡಿ, "ಕೇಳಿಸ್ತಲ್ಲ?" ಅಂದಳು.

"ಕೇಳಿಸ್ತು" ಅಂದರು ಸಾಹುಕಾರರು, ಸೀರೆಯಡಿಯಿಂದ. ನಾಳೆ ಬಂದು ನೋಡುತ್ತೇನೆ ಅಂತ ಹೇಳಿ ಮೇಡಂ ಹೋದರು.

ಮಾರನೇ ದಿನ ಕುರ್ಚಿಗಳು ಬಂದವು. ಅಕ್ಕ ಕೂತು ಮೊದಲ ರವಿಕೆ ಕಣ ಕತ್ತರಿಸಿದಾಗ ನನಗೆ ಸಂತೋಷಕ್ಕೆ ಕಣ್ಣು ತುಂಬಿತು. ಪಾತ್ರೆ ಅಂಗಡಿಯವರು ಇಣುಕಿ, "ಎಂತ ಮಾರಾಯ್ರೆ, ಇದ್ದಕ್ಕಿದ್ದಂಗೆ ಇಷ್ಟು ಕುರ್ಚಿ?" ಅಂದರು.

"ಎಂತ ಮಾಡೋದು, ಸಾಹುಕಾರ್ತಿ ಹೇಳಿದ್ಮೇಲೆ ಮೀರಕ್ಕಾಗ್ತದಾ?" ಅಂದರು ಸಾಹುಕಾರರು, ಅಕ್ಕನ ಕಡೆ ಕೈ ತೋರಿಸಿ ನಗುತ್ತಾ.

"ಯಾವ ಸಾಹುಕಾರ್ತಿ?" ಅಂತ ಬಾಗಿಲಲ್ಲಿ ಧ್ವನಿ ಕೇಳಿತು. ಊಟದ ಕ್ಯಾರಿಯರ್ ಹಿಡಿದು ಅವರ ಹೆಂಡತಿ ನಿಂತಿದ್ದರು.

ಮುಂದಿನದನ್ನು ನಾವೆಲ್ಲ ಕಾನೂನುಬದ್ಧವಾಗಿ, ಆರಾಮಾಗಿ ಕೂತು ನೋಡಿದೆವು. ಸಾಹುಕಾರರು ಮಾತ್ರ ನಿಂತಿದ್ದರು.