ನಮ್ಮ ಕಂಪ್ಯೂಟರಿನಲ್ಲಿ ಸೀಮೆಹಸು

ಅನುಮಾನ ಪಡುವುದು ದುರ್ಗುಣ ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ಅವರ ಮೇಲೆಯೇ ಅನುಮಾನ ಬರುತ್ತದೆ. ಬೀಗ ಹಾಕಿದ ಮೇಲೆ ನಾನು ಮೂರು ಸಲ ಜಗ್ಗಿ ನೋಡುತ್ತೇನೆ. ಜಗ್ಗಿದ್ದು ಮೂರೋ ಎರಡೋ ಎಂಬ ಸಂಶಯಕ್ಕೆ ನಾಲ್ಕನೆಯ ಸಲ ಜಗ್ಗುವುದೂ ಉಂಟು. ಅರಸೀಕೆರೆಯಲ್ಲಿ ಹಳೇಬೀಡಿನ ಬೋರ್ಡು ಹಾಕಿರುವ ಬಸ್ಸು ಹತ್ತಿ, ಹಳೇಬೀಡಿಗೆ ಹೋಗುತ್ತದೆಯೇ ಎಂದು ಕಂಡಕ್ಟರನ್ನು ಕೇಳಿ, ಅವನು ಹೇಳಿದ್ದು ನಿಜವೇ ಎಂದು ಪಕ್ಕದವರನ್ನು ವಿಚಾರಿಸುತ್ತೇನೆ. ಇದು ಬೇಲೂರಿನ ಹಾಸ್ಟೆಲಿನಲ್ಲಿ ಬಂದ ಶಿಸ್ತು. ಅಲ್ಲಿನ ವಾರ್ಡನ್ನರು ಬೆಳಿಗ್ಗೆ ಐದಕ್ಕೆ ಗಂಟೆ ಹೊಡೆಸಿ, ಹಲ್ಲುಜ್ಜಿದ್ದೇನೆ ಎಂದವರ ಬಾಯಿ ತೆರೆಸಿ ಮೂಸಿ ನೋಡುತ್ತಿದ್ದರು. ಅವರ ಕೈಯಲ್ಲಿ ಪಳಗಿದ ಮೇಲೆ ನಾನು ಗಡಿಯಾರವೊಂದನ್ನು ಬಿಟ್ಟು ಇನ್ನು ಯಾರನ್ನೂ ನಂಬಿದವನಲ್ಲ.

ಸರ್ಕಾರಿ ಕೆಲಸದಿಂದ ನಿವೃತ್ತನಾದ ಮೇಲೆ ಅರಸೀಕೆರೆಯಲ್ಲಿ ನಾಟಿ ರಾಸು ಸಾಕುವವರ ಸಣ್ಣ ಸಂಘವೊಂದಕ್ಕೆ ಕಾರ್ಯದರ್ಶಿಯಾದೆ. ಸುತ್ತಮುತ್ತಲಿನ ಹಳ್ಳಿಕಾರ್ ದನಗಳ ವಂಶಾವಳಿಯನ್ನು ಬರೆದಿಡುವುದು ನಮ್ಮ ಕೆಲಸ. ತಾಯಿ ಯಾರು, ಅಜ್ಜಿ ಯಾರು, ಸುಳಿ ಎಲ್ಲಿದೆ, ಕೊಂಬು ಹೇಗಿದೆ, ಎಲ್ಲವೂ ಅದರಲ್ಲಿರುತ್ತದೆ. ಸೀಮೆಹಸುವಿಗೆ ನಮ್ಮ ದಾಖಲೆಯಲ್ಲಿ ಜಾಗವಿಲ್ಲ ಎಂಬುದು ಮೊದಲನೆಯ ನಿಯಮ. ಕಚೇರಿಗೆ ಇನ್ನೊಂದು ನಿಯಮವನ್ನು ನಾನೇ ಸೇರಿಸಿದೆ. ಸಂಜೆ ಐದೂವರೆ ಆಯಿತೆಂದರೆ ಮೇನ್ ಸ್ವಿಚ್ ಕೆಳಗಿಳಿಸಿ, ಆಗ ಕುಂಯ್‌ಗುಟ್ಟುವ ಯುಪಿಎಸ್ಸಿನ ಬಾಯನ್ನೂ ಮುಚ್ಚಿಸಿ, ಬೀಗ ಹಾಕುವುದು. ಕಂಪ್ಯೂಟರ್ ನೋಡಿಕೊಳ್ಳುವ ಮಾದಿಹಳ್ಳಿಯ ನಾಗರತ್ನಮ್ಮ ಒಂದು ಸಂಜೆ, “ಸಾರ್, ಅದನ್ನ ಹಂಗೇ...” ಎಂದು ಏನೋ ಹೇಳಲು ಬಂದಿದ್ದರು. “ಐದೂವರೆ ಆಯ್ತು, ಏನಿದ್ರೂ ನಾಳೆ ಹೇಳಿ” ಎಂದು ಬೀಗ ಜಗ್ಗಿದೆ. ಆ ನಾಳೆ ಬರಲೇ ಇಲ್ಲ.

ಕಂಪ್ಯೂಟರ್ ಬಂದ ಮೇಲೆ ಹಳೆಯ ರಿಜಿಸ್ಟರುಗಳು ಅಟ್ಟ ಸೇರಿದವು. ಅಲ್ಲಿ ಗೆದ್ದಲು ಅವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸಿತು. ಹೀಗಾಗಿ ದನಗಳ ಕುಲಗೋತ್ರವೆಲ್ಲ ಉಳಿದದ್ದು ನಾಲ್ಕು ಡಿಸ್ಕುಗಳಿದ್ದ ಒಂದು ಪೆಟ್ಟಿಗೆಯಲ್ಲಿ. ಆ ನಾಲ್ಕನ್ನೂ ಮೇಯಿಸಲು ಕಂಟ್ರೋಲರ್ ಎಂಬ ಒಂದು ಸರ್ಕ್ಯೂಟ್ ಹಲಗೆ. ಒಂದೇ ಹಸುವಿನ ವಿವರವನ್ನು ಅದು ತುಂಡು ಮಾಡಿ ನಾಲ್ಕರಲ್ಲೂ ಹಂಚಿಡುತ್ತದಂತೆ. ಕೊಂಬು ಒಂದು ಡಿಸ್ಕಿನಲ್ಲಿ, ಬಾಲ ಇನ್ನೊಂದರಲ್ಲಿ. ನೇರವಾದ ಮನುಷ್ಯರು ಮಾಡುವ ಕೆಲಸವಲ್ಲ ಇದು ಎಂದು ಅಂದೇ ಅನ್ನಿಸಿತ್ತು.

ಒಂದು ಸೋಮವಾರ ಆ ಕಂಟ್ರೋಲರ್ ಕೈಕೊಟ್ಟಿತು. ಕಂಪ್ಯೂಟರಿನ ಪರದೆ ಕಪ್ಪಗೆ ಕೂತಿತು. ಸರಿಯಾಗಿ ಅದೇ ಹೊತ್ತಿಗೆ ಗಂಡಸಿ ಕಡೆಯ ನಿಂಗೇಗೌಡರು ಬಾಗಿಲಲ್ಲಿ ನಿಂತಿದ್ದರು. ಗುರುವಾರ ಬಿತ್ತನೆ ಹೋರಿಗಳ ಆಯ್ಕೆ. ಅವರ ಹೋರಿ ಮೈಲಾರಿಗೆ ವಂಶಾವಳಿ ಪತ್ರ ಬೇಕಿತ್ತು.

“ಪತ್ರ ಇಲ್ದಿದ್ರೆ ಒಳೀಕೇ ಬಿಡಾಕಿಲ್ವಂತೆ ಸಾಮಿ. ಇನ್ನೊಂದು ವರ್ಷ ಅಂಗೇ ಬಿಟ್ರೆ ಅದ ಹಿಡಿಯೋರಿಲ್ಲ. ಬೀಜ ಒಡ್ಸಿ ಗಾಡಿಗೆ ಕಟ್ಟೋದೇಯ” ಎಂದರು. ಹಾಗೆಂದವರೇ ಮುಖ ತಿರುಗಿಸಿ ಟವೆಲ್ಲಿನಿಂದ ಮೂಗು ಒರೆಸಿಕೊಂಡರು.

ಯಂತ್ರ ತಾನಾಗಿ ಕೆಡುವುದಿಲ್ಲ, ಯಾರೋ ಕೆಡಿಸುತ್ತಾರೆ ಎಂಬುದು ನನ್ನ ಸಿದ್ಧಾಂತ. ಆ ಮಧ್ಯಾಹ್ನವೇ ಟೈಪ್‌ರೈಟರಿನ ಮುಂದೆ ಕೂತು ಕಾರಣ ಕೇಳುವ ನೋಟಿಸೊಂದನ್ನು ಹೊಡೆದೆ: ‘ನಿಮ್ಮ ಬೇಜವಾಬ್ದಾರಿಯಿಂದ ಸಂಘದ ಯಂತ್ರ ಹಾಳಾಗಿರುವುದು ಕಂಡುಬಂದಿದ್ದು, ಮೂರು ದಿನದೊಳಗೆ ಲಿಖಿತ ವಿವರಣೆ ನೀಡತಕ್ಕದ್ದು.’ ಕಚೇರಿಯಿಂದ ಹೊರಹೋಗುವ ಪತ್ರಗಳ ಪುಸ್ತಕದಲ್ಲಿ ದಾಖಲಿಸಿ ಜಾವಕ ಸಂಖ್ಯೆಯನ್ನೂ ಕೊಟ್ಟೆ. ಹೆಸರಿನ ಜಾಗವನ್ನು ಮಾತ್ರ ಖಾಲಿ ಬಿಟ್ಟೆ. ಆ ಹೆಸರು ನಾಗರತ್ನಮ್ಮನದೇ ಎಂದು ಮನಸ್ಸಿನಲ್ಲಿತ್ತು, ಆದರೆ ಸಾಕ್ಷಿಯಿಲ್ಲದೆ ಹೆಸರು ಬರೆಯುವುದು ಶಿಸ್ತಲ್ಲ.

ಬುಧವಾರ ಬೆಂಗಳೂರಿನಿಂದ ಹೊಸ ಕಂಟ್ರೋಲರ್ ಹಿಡಿದು ಶೈಲಜಾ ಎಂಬ ಎಂಜಿನಿಯರ್ ಬಂದರು. ಗಡಿಯಾರ ರಿಪೇರಿಗೆ ಕೊಟ್ಟರೆ ಒಳಗಿನ ಸಾಮಾನು ಬದಲಾಯಿಸುವವರಿದ್ದಾರೆ ಎಂದು ನಾನು ಮೊದಲೇ ನಾಲ್ಕು ಡಿಸ್ಕುಗಳಿಗೂ ಚೀಟಿ ಅಂಟಿಸಿ, ಪ್ರಶ್ನೆಪತ್ರಿಕೆಯ ಕಟ್ಟಿಗೆ ಹಾಕುವ ಹಾಗೆ ಅಡ್ಡಲಾಗಿ ರುಜು ಹಾಕಿದ್ದೆ. ಅವರು ನೋಡಿ ನಕ್ಕರು. ಆ ನಗುವನ್ನೂ ಗಮನದಲ್ಲಿಟ್ಟುಕೊಂಡೆ. ಹಳೆಯ ಹಲಗೆ ತೆಗೆದು ಹೊಸದನ್ನು ಕೂರಿಸಿ ಗುಂಡಿ ಒತ್ತಿದರು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಮೂಡಿತು. ನಾನು ಕನ್ನಡಕ ಏರಿಸಿ ಓದಿದೆ. ‘ಫಾರಿನ್’ ಕಂಡುಬಂದಿದೆ, ಒಳಗೆ ತೆಗೆದುಕೊಳ್ಳಬೇಕೋ, ಅಳಿಸಬೇಕೋ?

ನನ್ನ ಮೈ ಉರಿಯಿತು. ಫಾರಿನ್! ಇಷ್ಟು ವರ್ಷ ಕಾಪಾಡಿಕೊಂಡು ಬಂದ ದಾಖಲೆಯಲ್ಲಿ ಯಾರೋ ಕಳ್ಳದಾರಿಯಲ್ಲಿ ಸೀಮೆಹಸು ಸೇರಿಸಿದ್ದಾರೆ!

“ಅಳಿಸಿ!” ಎಂದು ಕೂಗಿದೆ. “ನಮ್ಮಲ್ಲಿ ಎಲ್ಲಾ ಹಳ್ಳಿಕಾರ್. ಫಾರಿನ್ ಒಂದು ಕರುವೂ ಇರಕೂಡದು. ಮೊದ್ಲು ಅಳಿಸಿ ಆಚೆ ಹಾಕಿ!”

ಶೈಲಜಾ ಕೀಬೋರ್ಡಿನಿಂದ ಎರಡೂ ಕೈ ಎತ್ತಿ ಹಿಂದಕ್ಕೆ ಸರಿದರು. “ಸಾರ್, ಅಳಿಸಿದ್ರೆ ಒಂದು ಹಸೂನೂ ಉಳಿಯಲ್ಲ. ಫಾರಿನ್ ಅಂತಿರೋದು ನಿಮ್ಮ ಡಿಸ್ಕುಗಳಿಗೇ. ಕಂಟ್ರೋಲರ್ ಹೊಸದಲ್ವಾ, ಅದಕ್ಕೆ ಇವುಗಳ ಪರಿಚಯ ಇಲ್ಲ.”

“ನಮ್ಮ ಡಿಸ್ಕಿಗೆ ನಮ್ಮ ಮನೆಯಲ್ಲೇ ಫಾರಿನ್ ಅನ್ನೋದಾ? ಇದ್ರಲ್ಲೇನೋ ಇದೆ” ಎಂದೆ.

ಪತ್ರಕ್ಕಾಗಿ ಬೆಳಿಗ್ಗೆಯೇ ಮತ್ತೆ ಬಂದು ಬೆಂಚಿನ ಮೇಲೆ ಕೂತಿದ್ದ ನಿಂಗೇಗೌಡರು ಎದ್ದು ಬಂದರು. “ಏನ್ ಸಾಮಿ, ಇಷ್ಟೂ ತಿಳೀಲಿಲ್ವಾ? ದನ ಕಾಯಾಕೆ ಹೊಸಬ ಬಂದವ್ನೆ. ಇವ್ಯಾವುವೋ ಪರದೇಶಿ ದನ ಅಂತವ್ನೆ. ಒಳಿಕ್ ಕಟ್ಲಾ, ಒಡದು ಓಡಿಸ್ಲಾ ಅಂತ ಕೇಳ್ತಾವ್ನೆ. ನಮ್ವೇ ಕಣಪ್ಪಾ, ಕಟ್ಟು ಅನ್ನಿ.”

ಇಷ್ಟು ಸ್ಪಷ್ಟವಾಗಿ ಕಂಪ್ಯೂಟರ್ ವಿದ್ಯೆಯನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. “ಕಟ್ಟಿ” ಎಂದೆ. ಶೈಲಜಾ ಗುಂಡಿ ಒತ್ತಿದರು. ನಾಲ್ಕು ಡಿಸ್ಕುಗಳ ಹಸಿರು ದೀಪಗಳು ಒಂದೊಂದಾಗಿ ಕಣ್ಣು ಮಿಟುಕಿಸಿದವು. ಸ್ವಲ್ಪ ಹೊತ್ತಿಗೆ ಮೈಲಾರಿಯ ಪತ್ರ ಪ್ರಿಂಟರಿನಿಂದ ಹೊರಬಂತು. ನಿಂಗೇಗೌಡರು ಅದನ್ನು ನಾಗರತ್ನಮ್ಮನ ಕೈಗೆ ಕೊಟ್ಟು, “ಅವ್ವ ಯಾರು, ಅಜ್ಜಿ ಯಾರು, ಒಸಿ ಓದವ್ವ” ಎಂದು ಕಣ್ಣು ಮುಚ್ಚಿ ಕೇಳಿಸಿಕೊಂಡರು.

ಸಂತೋಷದಲ್ಲಿ ತನಿಖೆ ಮರೆಯುವವನು ನಾನಲ್ಲ. “ಕಂಟ್ರೋಲರ್ ಹಾಳಾದದ್ದು ಹೇಗೆ?” ಎಂದು ಕೇಳಿದೆ. ಕಂಪ್ಯೂಟರ್ ತನ್ನಷ್ಟಕ್ಕೆ ಒಂದು ದಿನಚರಿ ಬರೆಯುತ್ತದಂತೆ. ಶೈಲಜಾ ಅದನ್ನು ತೆರೆದು ಹುಬ್ಬೇರಿಸಿದರು. “ಸರಿಯಾಗಿ ಶಟ್‌ಡೌನ್ ಮಾಡದೆ ಕರೆಂಟ್ ತೆಗೆದು ತೆಗೆದೇ ಕೆಟ್ಟಿರೋ ಹಾಗಿದೆ ಸಾರ್. ದಿನಾ ಹನ್ನೆರಡು ಗಂಟೆಗೆ ಸರಿಯಾಗಿ ‘ಅನಿರೀಕ್ಷಿತವಾಗಿ ಬಂದ್’ ಅಂತ ಬರೆದಿದೆ. ಭಾನುವಾರ ಬಿಟ್ರೆ, ಹೋದ ತಿಂಗಳು ಮೂರು ದಿನ ಮಾತ್ರ ಇಲ್ಲ.”

ಮಧ್ಯಾಹ್ನ ಹನ್ನೆರಡು! ನಾಗರತ್ನಮ್ಮ ಊಟದ ಡಬ್ಬಿ ತೆಗೆಯುವ ಹೊತ್ತು. ನಾನು ನೋಟಿಸನ್ನು ಮೇಜಿನ ಮೇಲಿಟ್ಟು ಪೆನ್ನಿನ ಮುಚ್ಚಳ ತೆಗೆದೆ. “ಆ ಮೂರು ದಿನ ಯಾರು ರಜೆಯೋ ಅವರೇ ಅಪರಾಧಿ. ಹಾಜರಿ ಪುಸ್ತಕ ತನ್ನಿ!”

ನಾಗರತ್ನಮ್ಮ ತಂದರು. ಆ ಮೂರು ದಿನವೂ ಅವರ ರುಜು ಇತ್ತು. ಅವರ ಮೇಲಿನ ಸಾಲಿನಲ್ಲಿ ಮೂರು ‘ರ’ ಅಕ್ಷರಗಳಿದ್ದವು. ನನ್ನದೇ ಕೈಬರಹ. ಅರೇಹಳ್ಳಿಯಲ್ಲಿ ತಂಗಿಯ ಮಗಳ ಮದುವೆಗೆ ಹೋಗಿದ್ದೆ.

“ಹನ್ನೆರಡು ಗಂಟೆಗೆ ನಾನು ಸ್ವಿಚ್ಚಿನ ಹತ್ತಿರ ಸುಳಿಯುವುದೇ ಇಲ್ಲ!” ಎಂದೆ.

“ಸಾರ್, ಈಗ ಟೈಮ್ ಎಷ್ಟು?” ಎಂದರು ಶೈಲಜಾ, ಪರದೆಯ ಮೂಲೆಯನ್ನೇ ನೋಡುತ್ತ.

“ಮೂರು ಹತ್ತು.”

“ಇದರಲ್ಲಿ ಬೆಳಿಗ್ಗೆ ಒಂಬತ್ತು ನಲವತ್ತು. ಯಾರೋ ಲಂಡನ್ ಟೈಮ್ ಇಟ್ಟುಬಿಟ್ಟಿದ್ದಾರೆ. ನಮಗಿಂತ ಐದೂವರೆ ಗಂಟೆ ಹಿಂದೆ.”

“ಅದು ಬಂದಾಗಿಂದ್ಲೂ ಹಂಗೇ ಇದೆ ಮೇಡಂ, ನಾನು ಗೋಡೆ ಗಡಿಯಾರ ನೋಡ್ತೀನಿ” ಎಂದರು ನಾಗರತ್ನಮ್ಮ. ನಿಂಗೇಗೌಡರು ಬೆರಳು ಮಡಿಸಿ ಲೆಕ್ಕ ಹಾಕಿದರು. “ಅನ್ನೆರಡುಕ್ಕೆ ಐದೂವರೆ ಸೇರುದ್ರೆ... ಸಂಜೆ ಐದೂವರೇನೇ ಆಯ್ತದೆ. ಹಸು ನಾಟೀವೇಯ ಸಾಮಿ, ಗಡಿಯಾರ ಸೀಮೇದು!”

ಎಲ್ಲರೂ ಮೇನ್ ಸ್ವಿಚ್ ನೋಡಿದರು. ಆಮೇಲೆ ನನ್ನನ್ನು. ನನಗೆ ನೋವಾದದ್ದು ಅದಕ್ಕಲ್ಲ. ವರ್ಷಗಟ್ಟಲೆ ಒಂದು ನಿಮಿಷ ಹೆಚ್ಚುಕಡಿಮೆ ಇಲ್ಲದೆ ಐದೂವರೆಗೇ ಮಾಡಿದ ಕೆಲಸವನ್ನು ಆ ಯಂತ್ರ ದಿನದಿನವೂ ‘ಅನಿರೀಕ್ಷಿತ’ ಎಂದು ಬರೆದುಕೊಂಡಿತ್ತಲ್ಲ!

ಗುರುವಾರ ಮೈಲಾರಿ ಆಯ್ಕೆಯಾಯಿತು. ನೋಟಿಸಿಗೆ ಜಾವಕ ಸಂಖ್ಯೆ ಬಿದ್ದಿತ್ತಾದ್ದರಿಂದ ಹರಿದು ಹಾಕುವಂತಿರಲಿಲ್ಲ. ಖಾಲಿ ಜಾಗದಲ್ಲಿ ನನ್ನ ಹೆಸರು ಬರೆದು, ನನಗೇ ಜಾರಿ ಮಾಡಿ, ರುಜು ಹಾಕಿ ಪಡೆದುಕೊಂಡೆ. ಮೂರು ದಿನದೊಳಗೆ ಎರಡು ಪುಟದ ವಿವರಣೆಯನ್ನೂ ಕೊಟ್ಟೆ. ನಾಲ್ಕು ಸಲ ಓದಿ ನೋಡಿದೆ. ಬರೆದವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಬಲವಾದ ಅನುಮಾನ ಬಂದದ್ದರಿಂದ, ‘ವಿವರಣೆ ಸಮಾಧಾನಕರವಾಗಿಲ್ಲ’ ಎಂದು ಷರಾ ಬರೆದು ಫೈಲಿಗೆ ಸೇರಿಸಿದ್ದೇನೆ.