ಧರ್ಮದ ದಟ್ಟಿ ಹೊತ್ತ ಲಾರಿ

ದಾನ ಮಾಡುವುದಕ್ಕೆ ದೊಡ್ಡ ಮನಸ್ಸು ಬೇಕು ಎಂದು ಚಿಕ್ಕಂದಿನಲ್ಲಿ ನನಗೆ ಹೇಳಿಕೊಟ್ಟಿದ್ದರು. ಅಮೆರಿಕಕ್ಕೆ ಬಂದ ಮೇಲೆ ತಿಳಿಯಿತು, ಮನಸ್ಸು ಯಾವ ಗಾತ್ರದ್ದಾದರೂ ನಡೆಯುತ್ತದೆ, ಗ್ಯಾರೇಜು ತುಂಬಿರಬೇಕು ಅಷ್ಟೆ. ನಮ್ಮ ವೆಸ್ಟ್ ವಿಂಡ್ಸರ್ ಮನೆಯ ಗ್ಯಾರೇಜಿನಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲದಂತಾದಾಗಲೆಲ್ಲ ನನ್ನೊಳಗಿನ ದಾನಶೂರ ಕರ್ಣ ಎಚ್ಚೆತ್ತುಕೊಳ್ಳುತ್ತಾನೆ. ಬಕೆಟ್ಟಿನಷ್ಟು ದಪ್ಪನೆಯ ಮಾನಿಟರ್, ಒಮ್ಮೆಯೂ ಬ್ರೆಡ್ಡು ಕಾಣದ ಬ್ರೆಡ್ ಮಷೀನ್, ಬೊಜ್ಜು ಕರಗಿಸಲೆಂದು ತಂದು ನಾನೇ ಕರಗಿಹೋಗುವಷ್ಟು ಎಡವಿದ ಸೈಕಲ್ಲಿನಂಥ ಯಂತ್ರ, ಇವನ್ನೆಲ್ಲ ಕಂಡಾಗ ಬಡವರ ಮೇಲೆ ನನಗೆ ಬಹಳ ಕನಿಕರ ಬರುತ್ತದೆ. ಆ ಕಾಲದಲ್ಲಿ ನಮ್ಮ ಕಡೆಯ ಎಲ್ಲರ ಮನೆಯಲ್ಲೂ ಇದೇ ಸ್ಥಿತಿ. ಇಸವಿ ಎರಡು ಸಾವಿರಕ್ಕೆ ಕಂಪ್ಯೂಟರುಗಳಲ್ಲಿ ಬರಲಿದ್ದ ಎರಡು ಸೊನ್ನೆಗಳಿಂದ ಪ್ರಪಂಚ ಮುಳುಗಿಹೋಗದಂತೆ ಕಾಪಾಡುವ ಕೆಲಸಕ್ಕೆ ನಮಗೆ ಕೈತುಂಬ ಸಂಬಳ ಕೊಡುತ್ತಿದ್ದರು. ಆ ಸಂಬಳವನ್ನು ನಾವು ಶನಿವಾರ ಮಾಲ್‌ಗೆ ಒಯ್ದು, ಭಾನುವಾರ ಗ್ಯಾರೇಜಿಗೆ ತರುತ್ತಿದ್ದೆವು.

ನನ್ನ ಹೆಂಡತಿ ಗಿರಿಜಾ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿ ಅವಳ ಜೊತೆಗಾತಿಯೊಬ್ಬಳ ಅಕ್ಕ ನ್ಯೂಯಾರ್ಕ್ ರಾಜ್ಯದ ಉತ್ತರದ ಗುಡ್ಡಗಳ ನಡುವೆ ಒಂದು ಅನಾಥ ಮಕ್ಕಳ ಮನೆ ನಡೆಸುತ್ತಿದ್ದರು. ಆ ವರ್ಷ ಹೊಸ ಮಕ್ಕಳು ಬಹಳ ಮಂದಿ ಬಂದಿದ್ದರು, ಚಳಿಗಾಲದ ಕೋಟುಗಳು ಸಾಲುತ್ತಿರಲಿಲ್ಲ, ಆ ಗುಡ್ಡಗಳಲ್ಲಿ ಹಿಮ ಬೇಗ ಬೀಳುತ್ತದೆ. ಗಿರಿಜಾ ಒಂದು ಸಂಜೆ ಇದನ್ನು ಹೇಳಿ, ನಾವೆಲ್ಲ ಸೇರಿ ಒಂದು ಲಾರಿ ತುಂಬ ಕೋಟು ಒಯ್ದು ಕೊಡೋಣ ಎಂದಳು. ನಮ್ಮ ಕನ್ನಡ ಮಿತ್ರರಲ್ಲಿ ಅನೇಕರಿಗೆ ಮೊದಲು ನಂಬಿಕೆಯೇ ಬರಲಿಲ್ಲ. ಅಮೆರಿಕದಲ್ಲೂ ಅನಾಥಾಲಯ ಇರುತ್ತದೆಯೇ, ಅದೆಲ್ಲ ನಮ್ಮ ದೇಶಕ್ಕೆ ಮೀಸಲಲ್ಲವೇ ಎಂದು ಒಬ್ಬರು ಕೇಳಿದರು. ನಂಬಿಕೆ ಬಂದ ಮೇಲೆ ಮಾತ್ರ ಎಲ್ಲರ ಗ್ಯಾರೇಜುಗಳೂ ಬಾಯಿ ತೆರೆದವು. ಒಂದು ವಾರದಲ್ಲಿ ನಮ್ಮ ಮನೆಯ ಮುಂದೆ ಗ್ಯಾಸ್ಕೆಟ್ ಇಲ್ಲದ ಕುಕ್ಕರು, ಒಂಟಿ ಸ್ಕೀ ಬೂಟು, ಯಾರದೋ ಮದುವೆಯ ಸೂಟು, ಹಳೆಯ ಕಂಪ್ಯೂಟರ್ ಪುಸ್ತಕಗಳು ಬಂದು ಬಿದ್ದವು. ಕೋಟುಗಳೂ ಇದ್ದವು, ಗುಂಡಿ ಇದ್ದರೆ ತೋಳು ಹರಿದಿತ್ತು, ತೋಳು ನೆಟ್ಟಗಿದ್ದರೆ ಜಿಪ್ಪು ಕೆಟ್ಟಿತ್ತು.

ಆ ಜಿಪ್ಪು ಕೆಟ್ಟ ಕೋಟು ನನ್ನದೇ. ಕಂದು ಬಣ್ಣದ್ದು, ನಾನು ಈ ದೇಶಕ್ಕೆ ಬಂದ ವರ್ಷ ಕೊಂಡದ್ದು. ಹೊಸ ನೀಲಿ ಕೋಟು ಕೊಂಡ ಮೇಲೆ ಅದಕ್ಕೆ ಕೆಲಸವಿರಲಿಲ್ಲ. ಇನ್ನೂ ಚೆನ್ನಾಗಿಯೇ ಇದೆ, ಯಾರಾದರೂ ಪಾಪದವರು ಹಾಕಿಕೊಳ್ಳುತ್ತಾರೆ ಎಂದು ಹೇಳಿ ಉದಾರವಾಗಿ ಪೆಟ್ಟಿಗೆಗೆ ಹಾಕಿದ್ದೆ. ಗಿರಿಜಾ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಮಾತಾಡದೆ ಒಯ್ದು ನಮ್ಮ ಮನೆಯ ಗೂಟಕ್ಕೇ ನೇತುಹಾಕಿದಳು. ಅವಳು ಗದಗದ ಕಡೆಯವಳು. ಮಾತಾಡಿದರೆ ಖಾರ, ಮಾತಾಡದಿದ್ದರೆ ಇನ್ನೂ ಖಾರ. ನನಗೆ ಸ್ವಲ್ಪ ಅವಮಾನವಾಯಿತು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ ಎಂದು ಗಾದೆ ಹೇಳಿದೆ. ಧರ್ಮಕ್ಕೆ ಸಿಕ್ಕಿದ ಬಟ್ಟೆಗೆ ಅಳತೆ ನೋಡಬಾರದು ಎಂಬುದು ನಮ್ಮ ತುಮಕೂರಿನ ಕಡೆ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು.

"ಮೊಳ ಹಾಕಿದ್ರ ತಪ್ಪೇನೈತ್ರಿ?" ಎಂದಳು ಗಿರಿಜಾ. "ಉಟಗೊಳ್ಳಾಕಿ ಆಕಿನೇ ಅಲ್ಲೇನು?"

ಮದುವೆಯಾಗಿ ಅಷ್ಟು ವರ್ಷಗಳಾಗಿದ್ದರೂ ಅವಳು ಹೇಳದಿದ್ದ ಒಂದು ಸಂಗತಿಯನ್ನು ಆಗ ಕೋಟುಗಳನ್ನು ವಿಂಗಡಿಸುತ್ತಾ ಹೇಳಿದಳು. ತಂದೆ ತೀರಿಕೊಂಡ ಮೇಲೆ ಅವಳು ಕೆಲವು ವರ್ಷ ಹುಬ್ಬಳ್ಳಿಯ ಒಂದು ಉಚಿತ ಹಾಸ್ಟೆಲಿನಲ್ಲಿ ಇದ್ದಳು ಎಂಬುದು ನನಗೆ ಗೊತ್ತಿತ್ತು. ಅಲ್ಲಿಗೆ ವರ್ಷಕ್ಕೊಮ್ಮೆ ಬಟ್ಟೆಯ ಲಾರಿ ಬರುತ್ತಿದ್ದುದು ಗೊತ್ತಿರಲಿಲ್ಲ. ಹುಡುಗಿಯರು ಬೆಳಗಿನಿಂದ ಗೇಟಿನ ಬಳಿ ಕಾಯುತ್ತಿದ್ದರಂತೆ. ಲಾರಿಯ ಮೇಲಿನಿಂದ ಒಬ್ಬ ಎಸೆಯುತ್ತಿದ್ದ, ಯಾರ ಮೇಲೆ ಯಾವುದು ಬಿತ್ತೋ ಅದು ಅವರದು. ಇವಳಿಗೆ ಒಮ್ಮೆ ಎರಡರಷ್ಟು ಅಳತೆಯ, ಗುಂಡಿಗಳೇ ಇಲ್ಲದ ಹಳದಿ ಫ್ರಾಕು ಬಂತು. ಅದನ್ನು ಹಾಕಿಕೊಂಡು ಸಾಲಾಗಿ ನಿಂತು ಕೈ ಮುಗಿಯಬೇಕಿತ್ತು. ಒಂದು ಕೈಯಲ್ಲಿ ಫ್ರಾಕಿನ ಬೆನ್ನು ಹಿಡಿದುಕೊಂಡು ಇನ್ನೊಂದೇ ಕೈಯಲ್ಲಿ ಮುಗಿದೆ ಎಂದು ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಗೂಟದ ಮೇಲಿದ್ದ ಕಂದು ಕೋಟನ್ನೇ ನೋಡುತ್ತಾ ಕೂತೆ.

ಆವತ್ತಿನಿಂದ ಗಿರಿಜಾಳ ಕಾನೂನು ಜಾರಿಗೆ ಬಂತು. ಹರಿದದ್ದು ಬೇಡ. ಎಲ್ಲ ಕೋಟುಗಳನ್ನೂ ಅಂಗಡಿಯಲ್ಲಿ ಇರುವ ಹಾಗೆ ಹ್ಯಾಂಗರಿನಲ್ಲಿ ತೂಗುಹಾಕಿಯೇ ಒಯ್ಯಬೇಕು. ಮಕ್ಕಳು ತಾವೇ ಆರಿಸಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸಾಲಿನ ಕೊನೆಯಲ್ಲಿ ನಿಂತ ಮಗುವಿನ ಎದುರಿಗೂ ಅದರ ಅಳತೆಯ ಕೋಟು ಎರಡಾದರೂ ಇರಬೇಕು. ಒಂದೇ ಉಳಿದಿದ್ದರೆ ಅದು ಆರಿಸಿದಂತಲ್ಲ, ಎಸೆದಂತೆಯೇ ಎಂಬುದು ಅವಳ ವಾದ. ಮಿತ್ರರೆಲ್ಲ ಅವಳಿಗೆ ಹೆದರಿ ಹೊಸ ಕೋಟುಗಳನ್ನೇ ತಂದುಕೊಟ್ಟರು. ಕುಕ್ಕರುಗಳು ಅವರವರ ಗ್ಯಾರೇಜಿಗೆ ಮರಳಿದವು.

ಲಾರಿ ಓಡಿಸುವ ಭಾರ ನನ್ನ ಮೇಲೆ ಬಿತ್ತು. ಮನೆ ಸಾಮಾನು ಸಾಗಿಸಲು ಬಾಡಿಗೆಗೆ ಕೊಡುವ ಲಾರಿ ಅದು, ಕಾರಿನ ಲೈಸೆನ್ಸ್ ಇದ್ದವರು ಯಾರು ಬೇಕಾದರೂ ಓಡಿಸಬಹುದಿತ್ತು. ಈ ದೇಶ ನನ್ನಂಥವನ ಮೇಲೆ ಇಷ್ಟು ನಂಬಿಕೆ ಇಟ್ಟಿದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ದಾರಿ ತೋರಿಸಲು ಬಾಸ್ಕಿಂಗ್ ರಿಡ್ಜ್‌ನಿಂದ ನಂಜುಂಡಯ್ಯ ಅಂಕಲ್ ಬಂದರು. ಮೈಸೂರಿನವರು, ಬಹಳ ವರ್ಷಗಳಿಂದ ಇಲ್ಲೇ ಕೆಮಿಕಲ್ ಎಂಜಿನಿಯರ್ ಆಗಿದ್ದವರು. ಅವರು ಬಂದದ್ದು ಶನಿವಾರ ಬೆಳಿಗ್ಗೆ, ಒಂದು ಕೈಯಲ್ಲಿ ಕಂಪ್ಯೂಟರಿನಿಂದ ಪ್ರಿಂಟ್ ತೆಗೆದ ದಾರಿಯ ವಿವರ, ಇನ್ನೊಂದು ಕೈಯಲ್ಲಿ ಪೂಜೆಯ ಚೀಲ. ಅದು ದಸರೆಯ ಸಮಯ. ಆಯುಧಪೂಜೆಯ ವಾರದಲ್ಲಿ ಪೂಜೆಯಿಲ್ಲದೆ ಲಾರಿ ಹೊರಡುವುದು ಅವರ ಜೀವಮಾನದಲ್ಲಿ ನಡೆಯದ ಮಾತು. ಬಾಡಿಗೆ ಲಾರಿ ಅಂಕಲ್, ನಾಳೆ ವಾಪಸ್ ಕೊಡಬೇಕು ಎಂದೆ.

"ಬಾಡಿಗೆ ಲಾರಿಗೆ ದೃಷ್ಟಿ ತಾಗಲ್ವೇನಯ್ಯಾ?" ಎಂದರು.

ಬೂದುಗುಂಬಳ ಎಲ್ಲಿಂದ ತರುವುದು? ಆದರೆ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ಯಾವ ಅಂಗಡಿಯ ಮುಂದೆ ನೋಡಿದರೂ ಕೆಂಪು ಕುಂಬಳದ ರಾಶಿ. ಅಂಕಲ್ ಅದರಲ್ಲೇ ದೊಡ್ಡದೊಂದನ್ನು ತಂದು, ತೂತು ಕೊರೆದು, ಒಳಗೆ ಕುಂಕುಮದ ನೀರು ತುಂಬಿ, ಲಾರಿಗೆ ನಿವಾಳಿಸಿ ನಮ್ಮ ಟೌನ್‌ಹೌಸಿನ ಪಾರ್ಕಿಂಗ್ ಲಾಟಿನಲ್ಲಿ ಕುಕ್ಕಿದರು. ಅವರು ಹವ್ಯಾಸಿ ಕ್ರಿಕೆಟಿಗರಾಗಿದ್ದವರು. ಕುಕ್ಕಿದ ರಭಸಕ್ಕೆ ಅರ್ಧ ಕುಂಬಳಕಾಯಿ ಲಾರಿಯ ಬಂಪರಿಗೇ ಹಾರಿತು. ನಾಯಿ ಹಿಡಿದು ವಾಕಿಂಗ್ ಹೊರಟಿದ್ದ ಪಕ್ಕದ ಮನೆಯಾಕೆ ಬಂದ ದಾರಿಯಲ್ಲೇ ಹಿಂತಿರುಗಿದಳು. ಆಮೇಲೆ ತೆಂಗಿನಕಾಯಿ ಒಡೆದು ಒಂದು ಹೋಳು ನನ್ನ ಕೈಗೆ ಕೊಟ್ಟರು. ನನ್ನ ಕೈಯಲ್ಲಿ ಕೋಟುಗಳಿದ್ದವು, ಹೋಳನ್ನು ನೀಲಿ ಕೋಟಿನ ಜೇಬಿಗೆ ತುರುಕಿಕೊಂಡೆ. ಲೋಡ್ ಮಾಡಿ ಮುಗಿಯುವಷ್ಟರಲ್ಲಿ ಬೆವರು ಬಂತು. ಲಾರಿಯೊಳಗೆ ಸಾಲು ಕೋಟುಗಳ ತುದಿಯಲ್ಲಿ ಒಂದು ಖಾಲಿ ಹ್ಯಾಂಗರ್ ಕಂಡಿತು. ನನ್ನ ಕೋಟು ಬಿಚ್ಚಿ ಅದಕ್ಕೆ ಹಾಕಿ, ಬಾಗಿಲೆಳೆದು, ಸ್ಟಿಯರಿಂಗ್ ಮುಂದೆ ಕುಳಿತೆ. ನಾಲ್ಕು ಚಕ್ರಗಳೂ ನಾಲ್ಕು ನಿಂಬೆಹಣ್ಣು ಮೆಟ್ಟಿದವು, ನಾವು ಹೊರಟೆವು.

ಫೋರ್ಟ್ ಲೀ ಎಂಬ ಊರಿನವರೆಗೆ ಎಲ್ಲ ಸುಖವಾಗಿತ್ತು. ಮಕ್ಕಳು ಊಟ ಮುಗಿಸಿ ಕಿಟಕಿಯ ಬಳಿ ಕಾಯುತ್ತಿರುತ್ತಾರೆ, ತಡ ಮಾಡಬಾರದು ಎಂದು ಗಿರಿಜಾ ನಡುವೆ ಕೂತು ಹೇಳುತ್ತಲೇ ಇದ್ದಳು. ಅಂಕಲ್ ಪ್ರಿಂಟ್ ನೋಡಿ, ಇಲ್ಲಿ ಬಲಕ್ಕೆ, ಪಾರ್ಕ್‌ವೇ ಹಿಡಿ ಎಂದರು. ಕಾರುಗಳಿಗೆ ಮಾತ್ರ ಎಂಬ ಬೋರ್ಡು ನನಗೆ ಕಾಣಿಸಿತು. ಆದರೆ ನಾನು ಕಂಪ್ಯೂಟರ್ ಕೆಲಸದವನು, ಕಂಪ್ಯೂಟರಿನಿಂದ ಬಂದ ಕಾಗದಕ್ಕೂ ಕಣ್ಣೆದುರಿನ ಬೋರ್ಡಿಗೂ ಜಗಳ ಬಂದರೆ ಕಾಗದವನ್ನೇ ನಂಬುವ ಜಾತಿ. ಆ ಕಾಗದ ಕಾರಿಗೆ ದಾರಿ ಹೇಳುತ್ತಿದೆಯೇ ಹೊರತು ಲಾರಿಗಲ್ಲ ಎಂಬುದು ಎಂಜಿನಿಯರುಗಳಾದ ನಮ್ಮಿಬ್ಬರ ತಲೆಗೆ ಹೊಳೆಯಲಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಎದುರಿಗೆ ಕಲ್ಲಿನ ಕಮಾನಿನ ಸೇತುವೆ ಬಂತು. ಅದು ಹತ್ತಿರವಾದಷ್ಟೂ ಗಿಡ್ಡವಾಗುತ್ತಿತ್ತು. ಗಿರಿಜಾ ನನ್ನ ಮೊಣಕೈ ಹಿಡಿದು ನಿಲ್ಲಿಸ್ರಿ ಎಂದಳು, ನಿಲ್ಲಿಸಿದೆ. ಲಾರಿಯ ತಲೆಗೂ ಸೇತುವೆಗೂ ನಡುವೆ ಒಂದು ಕಾರಿನಷ್ಟು ಜಾಗ ಉಳಿದಿತ್ತು.

ಹಿಂದೆ ಹಾರನ್ನುಗಳ ಮೇಳ ಶುರುವಾಯಿತು, ಅದರ ಹಿಂದೆಯೇ ಪೊಲೀಸ್ ಕಾರು. ಆಫೀಸರು ನಿಧಾನವಾಗಿ ಮುಂದೆ ಬಂದು, ಬಂಪರ್ ನೋಡಿ ಅಲ್ಲೇ ನಿಂತುಬಿಟ್ಟ. ಕೆಂಪು ನೀರು ಒಣಗಿ ಉದ್ದುದ್ದ ಇಳಿದಿತ್ತು, ಅದರ ನಡುವೆ ಕುಂಬಳದ ತಿರುಳು ಅಂಟಿಕೊಂಡಿತ್ತು. ಏನಕ್ಕೆ ಗುದ್ದಿದಿರಿ, ಜಿಂಕೆಗೋ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅಂಕಲ್ ತಮ್ಮ ಸ್ಪಷ್ಟ ಇಂಗ್ಲಿಷಿನಲ್ಲಿ, ಇದು ಬಲಿ, ಬೆಳಿಗ್ಗೆ ಕೊಟ್ಟೆವು ಎಂದರು. ಆಫೀಸರನ ಕೈ ಸೊಂಟದ ಪಿಸ್ತೂಲಿನ ಕಡೆ ಹೋಯಿತು. ಗಿರಿಜಾ ನಮ್ಮಿಬ್ಬರ ಬಾಯಿಯನ್ನೂ ಮುಚ್ಚಿಸಿ, ಅವನ ಅಪ್ಪಣೆ ಪಡೆದು ಕೆಳಗಿಳಿದು ಲಾರಿಯ ಹಿಂಬಾಗಿಲು ತೆರೆದು ತೋರಿಸಿದಳು. ಕುಂಬಳಕಾಯಿಯ ಕಥೆ, ಕೋಟುಗಳ ಕಥೆ, ಕಾಯುತ್ತಿರುವ ಮಕ್ಕಳ ಕಥೆ ಎಲ್ಲ ಹೇಳಿದಳು. ಅವನು ಸಾಲಾಗಿ ತೂಗುತ್ತಿದ್ದ ಕೋಟುಗಳನ್ನು ಒಂದಷ್ಟು ಹೊತ್ತು ನೋಡಿದ. ಆಮೇಲೆ ಟ್ರಾಫಿಕ್ ತಡೆದು, ನಾನು ಲಾರಿಯನ್ನು ಹಿಂದಕ್ಕೆ ಹಿಂದಕ್ಕೆ ನಡೆಸಿಕೊಂಡು ರ‍್ಯಾಂಪ್ ಮುಟ್ಟುವವರೆಗೂ ಕೈ ಬೀಸಿ ದಾರಿ ತೋರಿಸಿದ. ಕೊನೆಗೆ ದಂಡದ ಟಿಕೆಟ್ ಬರೆದುಕೊಟ್ಟು, ಈ ಸೇತುವೆಗೆ ತಲೆ ಚಚ್ಚಿಕೊಂಡ ಲಾರಿಗಳು ಬಹಳ, ನಿಮ್ಮ ಕುಂಬಳಕಾಯಿ ಕೆಲಸ ಮಾಡಿತು ಎಂದ. ಅಂಕಲ್ ಆ ಮಾತನ್ನು ಇವತ್ತಿಗೂ ಎಲ್ಲ ಸತ್ಯನಾರಾಯಣ ಪೂಜೆಗಳಲ್ಲಿ ಹೇಳುತ್ತಾರೆ, ಟಿಕೆಟ್ಟಿನ ವಿಷಯ ಬಿಟ್ಟು.

ನಾವು ತಲುಪಿದಾಗ ಬಿಸಿಲು ಇಳಿಯತೊಡಗಿತ್ತು. ಮಕ್ಕಳನ್ನು ಕಾಯಿಸಿದವರ ಪೈಕಿ ತಾನೂ ಸೇರಿಬಿಟ್ಟೆ ಎಂಬ ನೋವು ಗಿರಿಜಾಳ ಮುಖದಲ್ಲಿ ಕಾಣುತ್ತಿತ್ತು, ನನಗೆ ಬಹಳ ಕೆಟ್ಟದೆನಿಸಿತು. ಆದರೆ ಮಕ್ಕಳು ಕಾದು ಕಾದು ಬೇಸರವಾಗಿ ಒಳಗೆ ಹೋಗಿರಲಿಲ್ಲ, ಮೆಟ್ಟಿಲ ಮೇಲೆಯೇ ಇದ್ದರು. ಲಾರಿಯ ಬಾಗಿಲು ತೆರೆದು ಹಲಗೆ ಇಳಿಸಿದೆವು. ಒಬ್ಬೊಬ್ಬರಾಗಿ ಹತ್ತಿ, ಕೋಟುಗಳ ಸಾಲಿನ ನಡುವೆ ಓಡಾಡಿ, ಹಾಕಿ, ಬಿಚ್ಚಿ, ಮತ್ತೊಂದು ಹಾಕಿ, ಪರಸ್ಪರ ಬೆನ್ನು ನೋಡಿಕೊಂಡು ಆರಿಸಿಕೊಂಡರು. ಗಿರಿಜಾ ಅಂಗಡಿಯವಳ ಹಾಗೆ ಪಕ್ಕದಲ್ಲಿ ನಿಂತು, ಇದಕ್ಕಿಂತ ಅದು ಚೆನ್ನ ಎಂದು ಒಮ್ಮೆಯೂ ಹೇಳದೆ, ಕೇಳಿದ್ದನ್ನು ಇಳಿಸಿಕೊಟ್ಟಳು. ಅವಳ ಮುಖದ ಬಣ್ಣ ಮರಳಿತು.

ಕೊನೆಗೆ ಒಬ್ಬಳು ಉದ್ದನೆಯ ಹುಡುಗಿ ಬಂದಳು, ಹದಿನಾಲ್ಕಿರಬಹುದು. ಚಿಕ್ಕವರನ್ನೆಲ್ಲ ಮುಂದೆ ಬಿಟ್ಟು ತಾನು ಹಿಂದೆ ನಿಂತಿದ್ದವಳು. ಅವಳ ಅಳತೆಯದಾಗಿ ಉಳಿದಿದ್ದುದು ಒಂದೇ ಒಂದು, ಕತ್ತಿನ ಸುತ್ತ ತುಪ್ಪಳವಿದ್ದ ಗುಲಾಬಿ ಕೋಟು. ಗಿರಿಜಾಳ ಕೈ ಹ್ಯಾಂಗರುಗಳ ಮೇಲೆ ಹುಡುಕಾಡಿತು. ಹುಡುಗಿ ಗುಲಾಬಿ ಕೋಟಿನ ಕಡೆ ನೋಡಿ, ಥ್ಯಾಂಕ್ಸ್ ಹೇಳಲು ಸಿದ್ಧಳಾಗಿ ನಿಂತಿದ್ದಳು. ಅಷ್ಟರಲ್ಲಿ ಅವಳ ಕಣ್ಣು ಸಾಲಿನ ತುದಿಗೆ ಹೋಯಿತು. ಅಲ್ಲಿ ತೂಗುತ್ತಿದ್ದ ನೀಲಿ ಕೋಟನ್ನು ತೆಗೆದು ಹಾಕಿಕೊಂಡಳು, ಎರಡೂ ತೋಳು ಚಾಚಿ ಅಳತೆ ನೋಡಿದಳು, ಜಿಪ್ಪು ಗದ್ದದವರೆಗೆ ಎಳೆದಳು. ನನಗಿಂತ ಅವಳಿಗೇ ಅದು ಚೆನ್ನಾಗಿ ಒಪ್ಪುತ್ತಿತ್ತು ಎಂಬುದನ್ನು ನಾನು ಅಲ್ಲಗಳೆಯಲಾರೆ. ಹೊರಗೆ ಗಾಳಿ ಸುಂಯ್ ಎನ್ನುತ್ತಿತ್ತು, ನಾನು ಸ್ವೆಟರಿನಲ್ಲಿದ್ದೆ. ಅದು... ಎಂದು ಬಾಯಿ ತೆರೆದೆ.

"ಸುಮ್ನಿರ್ರಿ," ಎಂದಳು ಗಿರಿಜಾ, ಕನ್ನಡದಲ್ಲಿ, ಮೆಲ್ಲಗೆ. "ಆಕಿ ತಾನ ಆರಿಸಿ ತಗೊಂಡಾಳ."

ಅವಳ ಕಣ್ಣಲ್ಲಿ ನೀರಿತ್ತು. ಹುಡುಗಿ ಜೇಬಿಗೆ ಕೈ ಹಾಕಿ ತೆಂಗಿನಕಾಯಿ ಹೋಳು ಹೊರಗೆ ತೆಗೆದು, ಇದೂ ಕೋಟಿನ ಜೊತೆಗೇನಾ ಎಂದು ಕೇಳಿದಳು. ಹೌದು ಎಂದೆ. ಮರುಕ್ಷಣ ಅಂಗಳದಲ್ಲಿದ್ದ ಮಕ್ಕಳೆಲ್ಲ ತಮ್ಮ ತಮ್ಮ ಜೇಬು ತಡಕಾಡತೊಡಗಿದರು. ನಂಜುಂಡಯ್ಯ ಅಂಕಲ್ ವಾಪಸು ಪ್ರಯಾಣಕ್ಕೆಂದು ಇಟ್ಟುಕೊಂಡಿದ್ದ ಕಾಯಿಗಳನ್ನೆಲ್ಲ ಮೆಟ್ಟಿಲ ಮೇಲೆ ಒಡೆದು, ಎಲ್ಲರ ಜೇಬಿಗೂ ಒಂದೊಂದು ಚೂರು ಹಾಕಿದರು. ಹಿಂತಿರುಗುವಾಗ ಕಾಯಿ ಒಡೆಯದ ಲಾರಿಯಲ್ಲಿ, ಸರಿಯಾದ ದಾರಿಯಲ್ಲೇ, ಹಲ್ಲು ಕಟಕಟಿಸುತ್ತಾ ಮನೆ ಸೇರಿದೆ. ಮನಸ್ಸು ಮಾತ್ರ ಬೆಚ್ಚಗಿತ್ತು ಎಂದು ಬರೆಯಬೇಕೆಂಬ ಆಸೆ ಇದೆ. ನಿಜ ಹೇಳಬೇಕೆಂದರೆ ಅದು ಬೆಚ್ಚಗೇ ಇತ್ತು.

ಮರುದಿನ ಮಾಲ್‌ಗೆ ಹೋಗಿ ಬೇರೆ ಕೋಟು ತರುತ್ತೇನೆ ಎಂದೆ. ಗಿರಿಜಾ ಗೂಟದಿಂದ ಕಂದು ಕೋಟು ತೆಗೆದು ನನ್ನ ಕೈಗಿಟ್ಟಳು. "ಇನ್ನೂ ಚೆನ್ನಾಗೈತಿ, ಯಾರರೇ ಪಾಪದವ್ರು ಹಾಕ್ಕೋತಾರ ಅಂದಿದ್ರಲ್ಲ," ಎಂದು ಒಳಗೆ ಹೋದಳು. ನಾನು ಅದನ್ನು ಹಿಡಿದುಕೊಂಡು ಗ್ಯಾರೇಜಿಗೆ ನಡೆದೆ, ಬಾಗಿಲು ಹಾಕಿಕೊಂಡು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಬ್ರೆಡ್ ಮಷೀನಿನ ಮೇಲೆ ಅದನ್ನು ಹಾಸಿ ಮೊಳ ಹಾಕಿ ನೋಡಿದೆ. ಹೊಟ್ಟೆಯ ಹತ್ತಿರ ಒಂದು ಗೇಣು ಕಡಿಮೆ ಇತ್ತು.