ಮಾವನ ಬಿಸಿಲು, ಕಂಪ್ಯೂಟರಿನ ಬಿಸಿಲು

ನಮ್ಮ ಸೋದರಮಾವನ ಅಪ್ಪಣೆಯಿಲ್ಲದೆ ಮಾಯಸಂದ್ರದಲ್ಲಿ ಯಾರಿಗೂ ಸೆಖೆ ಆಗುವಂತಿಲ್ಲ! ಪಕ್ಕದ ಮನೆಯವರು ಟವೆಲಿನಲ್ಲಿ ಗಾಳಿ ಬೀಸಿಕೊಳ್ಳುತ್ತ "ಏನು ಧಗೆ ಕಣಪ್ಪ" ಎಂದರೆ ಸಾಕು, "ತಡೀಲಾ, ನೋಡ್ಕಂಡ್ ಬತ್ತೀನಿ" ಎಂದು ಹಿತ್ತಲಿಗೆ ಹೋಗುತ್ತಾರೆ. ಬಂದು, "ಮೊನ್ನೆಗಿಂತ ಕಮ್ಮಿನೇ ಐತೆ, ಸುಮ್ನೆ ಬೆವರಬ್ಯಾಡ" ಎನ್ನುತ್ತಾರೆ.

ಹಿತ್ತಲಲ್ಲಿರುವುದು ಮರದ ಒಂದು ಬಿಳಿ ಪೆಟ್ಟಿಗೆ, ಅದರೊಳಗೊಂದು ಥರ್ಮಾಮೀಟರು. ಪಾದರಸ ದಿನದಲ್ಲಿ ಎಷ್ಟು ಮೇಲೇರಿತ್ತೋ ಅಲ್ಲೇ ನಿಂತಿರುತ್ತದೆ. ಬೆಳಿಗ್ಗೆ ಬರೆದುಕೊಂಡು, ಒದರಿ ಇಳಿಸಬೇಕು. ಯಾವುದೋ ಕಾಲೇಜಿನವರು ಪ್ರಯೋಗಕ್ಕೆಂದು ಇಟ್ಟುಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಮಾವ ಮಾತ್ರ ಒಂದು ದಿನವೂ ಬಿಡಲಿಲ್ಲ. "ನಂಗೆ ಜ್ವರ ಬಂದ್ರೆ ಹಣೆ ಮುಟ್ಟಿ ನೋಡ್ದೋರಲ್ಲ. ಆ ಪೆಟ್ಟಿಗೆ ಜ್ವರ ದಿನಾ ನೋಡ್ತಾರೆ" ಎಂದು ಅತ್ತೆ ಇವತ್ತಿಗೂ ಗೊಣಗುತ್ತಾರೆ.

ನಮ್ಮಕ್ಕನ ಮದುವೆ ಸಂಪಿಗೆ ಎಂಬ ಊರಿನ ದೇವಸ್ಥಾನದಲ್ಲಿ. ಮದುಮಗಳನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವನೇ ನಾಪತ್ತೆ! ಎಲ್ಲಿದ್ದರು ಅಂತೀರಿ? ಮೊದಲ ಬಸ್ಸು ಹಿಡಿದು ಪೆಟ್ಟಿಗೆ ನೋಡಲು ಊರಿಗೆ ಹೋಗಿದ್ದರು. ವಾಪಸು ಬಂದವರಿಗೆ ಅಮ್ಮ ಬೈದರೆ, "ಮುಹೂರ್ತ ಇನ್ನೊಂದು ಇಟ್ಕಬೋದು ಕಣಕ್ಕ. ನಿನ್ನೆ ಬಿಸಿಲು ಮತ್ತೆ ಸಿಕ್ಕೀತಾ?" ಎಂದರು. ನಾವೆಲ್ಲ ವರ್ಷಗಟ್ಟಲೆ ಆ ಮಾತು ಹೇಳಿಕೊಂಡು ನಕ್ಕೆವು. ಆದರೆ ಅವರು ಬರೆದಿಟ್ಟದ್ದನ್ನು ತೋರಿಸಿ ಎಂದು ಯಾರೂ ಕೇಳಲಿಲ್ಲ.

ಕೇಳಿಕೊಂಡು ಹೋದ ಮೊದಲನೆಯವಳು ನಾನೇ, ಅದೂ ಈ ವರ್ಷ. ಊರೂರಿನ ಥರ್ಮಾಮೀಟರು ಹೇಳುವ ವಿಪರೀತ ಬಿಸಿಲಿಗೂ ಕಂಪ್ಯೂಟರು ಹೇಳುವುದಕ್ಕೂ ತಾಳೆ ನೋಡುವುದು ನನ್ನ ಕೆಲಸ. ಮಾವ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಕಾಯುತ್ತಿದ್ದರು. ಕಂಪ್ಯೂಟರು ಸಿಕ್ಕ ಕಡೆಯ ಅಳತೆಗಳನ್ನೆಲ್ಲ ತೆಗೆದುಕೊಂಡು, ಇಲ್ಲದ ಕಡೆ ಲೆಕ್ಕ ಹಾಕಿ ತುಂಬಿಸಿ, ಒಂದಷ್ಟು ಸೀಮೆಗೆಲ್ಲ ಒಂದೇ ಅಂಕಿ ಕೊಡುತ್ತದೆ ಎಂದು ವಿವರಿಸಿದೆ.

"ಅಂದ್ರೆ ಚಿಕ್ಕನಾಯಕನಹಳ್ಳಿ ಗುಡ್ಡದ ಬಿಸಿಲು, ನಮ್ಮ ತೋಟದ ನೆರಳು, ಎಲ್ಲ ಕಲಸಿ ಮುದ್ದೆ ಕಟ್ತದೆ?"

"ಹೆಚ್ಚುಕಮ್ಮಿ ಹಂಗೇ ಮಾವ."

"ಹಂಗಾದ್ರೆ ನಮ್ಮೂರಿನ ದೊಡ್ಡ ಬಿಸಿಲು ಅದಕ್ಕೆ ಗೊತ್ತೇ ಇಲ್ಲ. ಬರಿ ಅದನ್ನ."

ದೊಡ್ಡ ಬಿಸಿಲು ಎಂದರೆ, ಬಹಳ ವರ್ಷಗಳ ಹಿಂದೆ ಯುಗಾದಿ ಕಳೆದ ಮೇಲೆ ಅವರ ಥರ್ಮಾಮೀಟರು ಕೆಲವು ವಾರ ಏರಿ ಕೂತಿದ್ದ ಕಾಲ. ಮಾವನ ಜೀವಮಾನದ ಹೆಮ್ಮೆ ಅದು. ಅದೊಂದು ನನ್ನ ವರದಿಯಲ್ಲಿ ಸೇರಬೇಕೆಂಬುದು ಅವರ ಆಸೆ. ವಿಪರೀತ ಬಿಸಿಲನ್ನು ಕಂಪ್ಯೂಟರು ಕಡಿಮೆ ಹೇಳುವುದೂ ಉಂಟು. ಆದರೆ ಮಾವನ ನೋಟ್‌ಬುಕ್ಕು ತೆರೆದು ಆ ವಾರಗಳನ್ನು ತಾಳೆ ನೋಡಿದರೆ, ಇಷ್ಟೊಂದು ವ್ಯತ್ಯಾಸವೇ?

ಹಿತ್ತಲಿಗೆ ಹೋಗಿ ನೋಡಿದೆ. ಪೆಟ್ಟಿಗೆ ಬಚ್ಚಲುಮನೆಯ ಗೋಡೆಗೆ ಒತ್ತಿಕೊಂಡಿತ್ತು, ಒಲೆಯ ಹೊಗೆ ಹೋಗುವ ಕಿಂಡಿಯ ಪಕ್ಕದಲ್ಲೇ! ನಸುಕಿನ ಸ್ನಾನದ ಒಲೆಯಾದರೆ ಚಿಂತೆಯಿಲ್ಲ, ಮಧ್ಯಾಹ್ನದ ಬಿಸಿಲು ಅದನ್ನು ದಾಟಿಬಿಡುತ್ತದೆ.

"ಆಗ ಮಧ್ಯಾಹ್ನ ಏನಾದ್ರೂ ಒಲೆ ಉರೀತಿತ್ತಾ ಮಾವ?"

"ಮಗಳು ಬಾಣಂತನಕ್ಕೆ ಬಂದಿದ್ಲಲ್ಲ. ತೆಂಗಿನ ಮಟ್ಟೆ ಒಟ್ಟಿ ಹಂಡೆ ಕುದಿಸೋರು."

ನನಗೆ ಕಳ್ಳ ಸಿಕ್ಕಿದ ಖುಷಿ. "ನಿಮ್ಮ ದೊಡ್ಡ ಬಿಸಿಲು ಮಟ್ಟೆ ಬೆಂಕಿ ಮಾವ! ಇಲ್ಲಿ ನೋಡಿ, ಈ ದಿನದಿಂದ ನಿಮ್ಮ ಅಂಕಿ, ಕಂಪ್ಯೂಟರಿನ ಅಂಕಿ ಜೋಡಿ ಎತ್ತಿನ ಹಾಗೆ ಹೊರಟಿವೆ. ಇಲ್ಲಿಂದಾಚೆಗೆ ಎಲ್ಲ ಸರಿಹೋಗಿದೆ" ಎಂದು ನಕ್ಕೆ.

ಮಾವ ಆ ತಾರೀಖಿನ ಮೇಲೆ ಬೆರಳಿಟ್ಟರು.

"ಅವತ್ತಿಂದ ಒಲೆ ಹಚ್ಚಲಿಲ್ಲ ಕಣವ್ವ. ಮಗು ಹೋಯ್ತಲ್ಲ."

ಆಗ ನಾನು ಹಾಸ್ಟೆಲಿನಲ್ಲಿದ್ದೆ. ಆ ಮಗು ಉಳಿಯಲಿಲ್ಲವೆಂದಷ್ಟೇ ಗೊತ್ತಿತ್ತು. ಮನೆಯಲ್ಲಿ ಮತ್ತೆ ಯಾರೂ ಆ ಮಾತೆತ್ತಿರಲಿಲ್ಲ. ನಕ್ಕ ಬಾಯಿಯನ್ನು ಎಲ್ಲಿಡಲಿ ಎಂದು ತಿಳಿಯದೆ ಕೂತೆ.

"ಅವತ್ತೂ ಹೋಗಿ ನೋಡಿ ಬರೆದೆ. ಎಲ್ಲಾ ಬೈದ್ರು. ಏನ್ಮಾಡ್ಬೇಕು ಅಂತ ತಿಳೀಲಿಲ್ಲ ನಂಗೆ" ಎಂದರು. ಆಮೇಲೆ, "ಆ ದಿನಗಳನ್ನ ಹೊಡೆದಾಕ್ತೀಯಾ?" ಎಂದು ಕೇಳಿದರು.

"ಲೆಕ್ಕಕ್ಕೆ ಸೇರ್ಸಲ್ಲ ಮಾವ. ಆದ್ರೆ ಅಳಿಸಲ್ಲ."

"ಹಂಗೇ ಇರ್ಲಿ ಬುಡು. ತಪ್ಪಾದ್ರೂ ಇರ್ಲಿ." ಎರಡು ಅಂಗೈ ಜೋಡಿಸಿ ಮುಂದೆ ಹಿಡಿದರು. "ಇಷ್ಟೇ ಇತ್ತು ಕಣವ್ವ ಮಗು. ಅಷ್ಟಕ್ಕೆ ಅಷ್ಟೊಂದು ನೀರು ಕಾಯಿಸ್ತಿದ್ವಿ."